ಸಗಣಿ, ನೂಲು, ಡಾಂಬರು ಡ್ರಮ್ಮು

ಹೋದ ವರ್ಷ ಮುಂಗಾರು ಜೋರಾದಾಗ ಹೊಳೆನರಸೀಪುರದ ನಮ್ಮ ಮನೆಯ ಅಟ್ಟದ ಒಂದು ಮೂಲೆ ಸೋರತೊಡಗಿತು. ಹೆಂಚು ಕೈಯಾಡಿಸಲು ಬಂದ ಇಬ್ಬರು, ಅಟ್ಟದ ಮೇಲಿದ್ದ ಹಳೇ ಟ್ರಂಕು, ತೊಟ್ಟಿಲು, ಕಾಲು ಮುರಿದ ಮಣೆ ಎಲ್ಲವನ್ನೂ ಒಂದೊಂದಾಗಿ ಕೆಳಗಿಳಿಸಿ ಹಜಾರದಲ್ಲಿ ಪೇರಿಸುತ್ತಿದ್ದರು. ಕೊನೆಗೆ ಗೋಣಿಚೀಲ ಸುತ್ತಿದ್ದ ನಾಲ್ಕು ಕ್ಯಾನ್ವಾಸುಗಳು ಇಳಿದವು. ಅವರಲ್ಲೊಬ್ಬ ಚೀಲ ಬಿಚ್ಚಿ ನೋಡಿ, ‘ಮೇಡಂ, ಇದ್ಯಾವುದೋ ಬೋರ್ಡು. ಬಣ್ಣ ಟೆಸ್ಟ್ ಮಾಡಿರಂಗದೆ. ಬಿಸಾಕೋದಾ?’ ಅಂದ. ಹುಡುಗ ಕೇಳಿದ್ದರಲ್ಲಿ ಕುಚೋದ್ಯ ಇರಲಿಲ್ಲ. ಸುಣ್ಣ ಬಣ್ಣದ ಕೆಲಸ ಮಾಡುವವನಿಗೆ ಅದು ಹಾಗೆಯೇ ಕಾಣಬೇಕು. ‘ಬೇಡ, ಅಲ್ಲೇ ಗೋಡೆಗೆ ಒರಗಿಸಪ್ಪ’ ಎಂದೆ. ಅವನು ಒರಗಿಸಿದ. ಒಂದನ್ನು ತಲೆಕೆಳಗಾಗಿ ಇಟ್ಟಿದ್ದ. ಅದು ತಲೆಕೆಳಗು ಅಂತ ನನಗೆ ಗೊತ್ತಾಗಿದ್ದೂ ಹಿಂಬದಿಯ ಸಹಿಯಿಂದಲೇ.

ಆ ನಾಲ್ಕನ್ನೂ ನಾನು ಮೈಸೂರಿನಲ್ಲಿ ಚಿತ್ರಕಲೆ ಓದುವಾಗ, 1991 ಮತ್ತು 92ರಲ್ಲಿ ಬರೆದದ್ದು. ಕಾಲೇಜಿನ ಲೈಬ್ರರಿಯಲ್ಲಿ ಅಮೆರಿಕದ ರೋತ್ಕೋನ ಒಂದು ಪುಸ್ತಕ ಇತ್ತು. ಬಹಳ ಕೈ ದಾಟಿ ಪುಟ ಸಡಿಲವಾಗಿದ್ದ ಪುಸ್ತಕ. ಒಂದು ದೊಡ್ಡ ಆಯತ, ಅದರ ಕೆಳಗೆ ಇನ್ನೊಂದು, ಅಂಚುಗಳು ಮಂಜಿನ ಹಾಗೆ. ನೋಡಿದ ಕೂಡಲೇ ಎದೆ ಹಿಡಿದುಕೊಂಡಿತು. ನಾನೂ ಅದನ್ನೇ ಮಾಡತೊಡಗಿದೆ. ಮೇಲೆ ಕೆಂಪು, ಕೆಳಗೆ ಕಪ್ಪು. ಮೇಲೆ ಹಳದಿ, ಕೆಳಗೆ ಇನ್ನೊಂದು ಹಳದಿ. ಎಣ್ಣೆಬಣ್ಣದ ಟ್ಯೂಬು ಕೊಳ್ಳಲು ದುಡ್ಡಿಲ್ಲದೆ, ಹಾಸ್ಟೆಲಿನ ಮೆಸ್ ಬಿಲ್ಲಿನಲ್ಲಿ ಉಳಿಸಿ ಅರ್ಧರ್ಧ ಟ್ಯೂಬನ್ನು ಗೆಳತಿಯರೊಂದಿಗೆ ಹಂಚಿಕೊಂಡು ಬಳಿದ ಬಣ್ಣ ಅದು. ರಜಕ್ಕೆ ಒಂದನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಊರಿಗೆ ತಂದಾಗ ಅವ್ವ ಬಹಳ ಹೊತ್ತು ನೋಡಿ, ‘ಏನ್ ಮಗ ಇದು, ಬರೀ ಬಳ್ದಿದೀಯ. ಇನ್ನೂ ಬರೀಬೇಕಾ?’ ಅಂದಿದ್ದಳು. ನಾನು ಸಿಟ್ಟಾಗಿ, ‘ನಿನಗೆ ಅರ್ಥ ಆಗಲ್ಲ ಬಿಡವ್ವ’ ಅಂದಿದ್ದೆ.

ಆ ಮಾತು ಈಗಲೂ ಚುಚ್ಚುತ್ತದೆ. ಯಾಕೆ ಅಂತ ಹೇಳಬೇಕಾದರೆ ನಮ್ಮೂರಿನ ಕಣದ ವಿಚಾರ ಹೇಳಬೇಕು.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಶ್ರವಣಬೆಳಗೊಳದ ದಿಕ್ಕಿಗೆ. ಒಂದು ಕಡೆ ತೆಂಗು, ಉಳಿದಂತೆ ರಾಗಿ ಹೊಲ. ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಕಣ ಮಾಡುವ ಕೆಲಸ. ಹುಲ್ಲು ಕೆತ್ತಿ, ನೀರು ಹೊಡೆದು, ಎತ್ತು ತುಳಿಸಿ, ನೆಲ ಗಟ್ಟಿಯಾದ ಮೇಲೆ ಗಂಡಸರು ಎದ್ದು ಹೋಗುತ್ತಿದ್ದರು. ಆಮೇಲಿನದು ಅವ್ವನ ಪಾಲು. ಹಿಂದಿನ ದಿನವೇ ಕೊಟ್ಟಿಗೆಯಿಂದ ಕೂಡಿಟ್ಟ ಸಗಣಿಯನ್ನು ದೊಡ್ಡ ಹಂಡೆಯಲ್ಲಿ ಬಗ್ಗಡ ಮಾಡಿ, ಸೆರಗು ಸಿಕ್ಕಿಸಿಕೊಂಡು, ಕಣದ ಆ ತುದಿಯಿಂದ ಕುಕ್ಕರುಗಾಲಲ್ಲಿ ಶುರು ಮಾಡಿದರೆ ಹಿಂದೆ ಹಿಂದೆ ಸರಿಯುತ್ತಾ ಬರುತ್ತಿದ್ದಳು. ಬಲಗೈ ಬೀಸಿದಲ್ಲೆಲ್ಲ ಒಂದು ಕಮಾನು. ಅದರ ಪಕ್ಕ ಇನ್ನೊಂದು. ಐದು ಬೆರಳಿನ ಐದು ಗೀರು, ಪ್ರತಿ ಕಮಾನಿಗೂ. ಬಿಸಿಲಿಗೆ ಒಣಗುತ್ತಾ ಹೋದಂತೆ ಹಸಿರು ಕಪ್ಪು ಬಣ್ಣ ತಿಳಿಯಾಗಿ, ಒಂದು ಕಡೆ ಬೂದು, ಒಂದು ಕಡೆ ಇನ್ನೂ ಹಸಿ. ನಾವು ಮಕ್ಕಳು ಅದರ ಮೇಲೆ ಕಾಲಿಟ್ಟರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಸಂಜೆಗೆ ಅವಳು ದಿಬ್ಬದ ಮೇಲೆ ನಿಂತು ಒಂದು ಸಲ ಪೂರ್ತಿ ಕಣ ನೋಡುತ್ತಿದ್ದಳು. ಎಲ್ಲಾದರೂ ಕಮಾನು ತಪ್ಪಿದ್ದರೆ ಮಾರನೇ ದಿನ ಅಷ್ಟು ಜಾಗಕ್ಕೆ ಮತ್ತೆ ಬಗ್ಗಡ ಹಾಕುತ್ತಿದ್ದಳು. ರಾಗಿ ಬಡಿಯಲು ಕಮಾನು ಸರಿಯಿದ್ದರೇನು ತಪ್ಪಿದ್ದರೇನು? ಆದರೂ ಹಾಕುತ್ತಿದ್ದಳು.

ಅಂಥವಳಿಗೆ ‘ನಿನಗೆ ಅರ್ಥ ಆಗಲ್ಲ’ ಅಂದಿದ್ದೆ ನಾನು, ಕೆಂಪಿನ ಕೆಳಗೆ ಕಪ್ಪು ಬಳಿದ ಕಲಾವಿದೆ.

ನಾನು ಹಾಗೆ ಪುಸ್ತಕ ನೋಡಿ ಆಯತ ಬಳಿಯುತ್ತಿದ್ದ ಕಾಲಕ್ಕೇ, ಬೆಂಗಳೂರಿನಲ್ಲಿ ಒಬ್ಬರು ಎಣ್ಣೆಬಣ್ಣ ಬದಿಗಿಟ್ಟು ಸಗಣಿಗೆ ಕೈ ಹಾಕಿದ್ದರು ಅನ್ನುವುದು ನನಗೆ ತಿಳಿಯಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕಾಯಿತು. ಶೀಲಾ ಗೌಡ. ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಕಬ್ಬಿಣದ ಕಾರ್ಖಾನೆಯ ಊರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ, ಆರ್.ಎಂ. ಹಡಪದರ ಗರಡಿಯಲ್ಲಿ ಚಿತ್ರಕಲೆ ಕಲಿತು 1979ರಲ್ಲಿ ಡಿಪ್ಲೊಮಾ ಮುಗಿಸಿದರು. ಅಲ್ಲಿಂದ ಶಾಂತಿನಿಕೇತನ, ಕೆ.ಜಿ. ಸುಬ್ರಮಣ್ಯನ್ ಬಳಿ. ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, 1986ರಲ್ಲಿ ಎಂ.ಎ. ಅಲ್ಲಿಯವರೆಗೆ ಅವರು ಚಿತ್ರಕಲಾವಿದೆ. ಮನುಷ್ಯರ ಆಕೃತಿ ಇರುವ ಎಣ್ಣೆಬಣ್ಣದ ಕೆಲಸ. ಇಷ್ಟು ಓದಿ ಬಂದವರು ಸಾಮಾನ್ಯವಾಗಿ ಏನು ಮಾಡುತ್ತಾರೋ ಅದನ್ನೇ ಮಾಡಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ತೊಂಬತ್ತರ ದಶಕದ ಆರಂಭದಲ್ಲಿ, ಅಯೋಧ್ಯೆ, ಮುಂಬಯಿ ಗಲಭೆ ಎಲ್ಲ ಆದ ಆ ಕೆಟ್ಟ ದಿನಗಳಲ್ಲಿ, ಅವರಿಗೆ ಕುಂಚ ಸಾಲದೇ ಹೋಯಿತು. ಹಸು ಒಂದು ಘೋಷಣೆಯಾಗುತ್ತಿದ್ದ ಕಾಲದಲ್ಲಿ ಅವರು ಹಸುವಿನ ಚಿತ್ರ ಬರೆಯದೆ ಅದರ ಸಗಣಿಯನ್ನು ತೆಗೆದುಕೊಂಡರು. ಮೊದಲು ಹಾಳೆಯ ಮೇಲೆ ಬಳಿದರು, ಆಮೇಲೆ ಬೆರಣಿಯಂತೆ, ಇಟ್ಟಿಗೆಯಂತೆ ಅಚ್ಚು ಮಾಡಿದರು. 1996ರ ಒಂದು ಕೆಲಸದಲ್ಲಿ ಸಗಣಿ ಇಟ್ಟಿಗೆಗಳ ಸಾಲು ನೆಲದ ಮೇಲೆ ಬಾಗಿಕೊಂಡು ಹೋಗುತ್ತದೆ. ಇಟ್ಟಿಗೆಗಳ ನಡುವಿನ ಸಂದಿಯಲ್ಲಿ, ಗಾರೆ ಇರಬೇಕಾದ ಕಡೆ, ಕುಂಕುಮ. ಅಷ್ಟೇ.

ಅದರ ಫೋಟೋ ನಾನು ಮೊದಲು ನೋಡಿದ್ದು 2009ರಲ್ಲಿ. ಮೈಸೂರಿನಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳು ಬೆಂಗಳೂರಿನ ಶಾಲೆಯೊಂದರಲ್ಲಿ ಕೆಲಸಕ್ಕಿದ್ದಳು. ಅವಳ ಮನೆಗೆ ಹೋದಾಗ ಒಂದು ಕ್ಯಾಟಲಾಗು ಮುಂದಿಟ್ಟು, ‘ನೋಡೇ, ನಮ್ಮ ಕೆಲಸಾನ ಇವರು ಮಾಡಿದ್ದಾರೆ’ ಅಂದಳು. ‘ನಮ್ಮ’ ಅಂದದ್ದು ಯಾರನ್ನು ಅಂತ ಅವಳಿಗೂ ಸ್ಪಷ್ಟ ಇದ್ದಂತಿರಲಿಲ್ಲ. ನನ್ನ ಮೊದಲ ಅನಿಸಿಕೆ, ನಿಜ ಹೇಳುತ್ತೇನೆ, ಒಳ್ಳೆಯದೇನಲ್ಲ. ಸಗಣಿ, ಕುಂಕುಮ, ಊದುಬತ್ತಿ! ವಿದೇಶದವರಿಗೆ ಇಂಡಿಯಾ ಅಂದರೆ ಏನು ಬೇಕೋ ಅದನ್ನೇ ಪೊಟ್ಟಣ ಕಟ್ಟಿ ಕೊಟ್ಟಿದ್ದಾರೆ ಅನ್ನಿಸಿತು. ದಿನಾ ಬೆಳಗ್ಗೆ ಬಾಗಿಲು ಸಾರಿಸಿ ಬಂದವಳಿಗೆ ಸಗಣಿಯ ಮೇಲೆ ಬೆರಗು ಹುಟ್ಟುವುದು ಕಷ್ಟ. ಹೊಟ್ಟೆಕಿಚ್ಚೂ ಇತ್ತೆನ್ನಿ.

ಮನಸ್ಸು ತಿರುಗಿದ್ದು ನೂಲಿನಿಂದ.

1998ರ ಕೆಲಸ. ಕನ್ನಡದಲ್ಲಿ ಹೇಳಬೇಕಾದರೆ ‘ಮತ್ತೆ ಅವನಿಗೆ ನನ್ನ ನೋವು ಹೇಳು’ ಅನ್ನುವಂಥ ಹೆಸರು. ಒಂದು ಸೂಜಿ ತೆಗೆದುಕೊಳ್ಳಿ. ನೂರಾರು ಅಡಿ ಉದ್ದದ ದಾರವನ್ನು ಅದರ ಕಣ್ಣಿನಲ್ಲಿ ತೂರಿಸಿ, ಎಳೆಯುತ್ತಾ ಎಳೆಯುತ್ತಾ, ಸೂಜಿ ದಾರದ ನಟ್ಟನಡುವೆ ಬರುವ ತನಕ ಎಳೆಯಿರಿ. ಹೀಗೆ ಎಷ್ಟೋ ಸೂಜಿ, ಎಷ್ಟೋ ದಾರ. ಆಮೇಲೆ ಅವೆಲ್ಲವನ್ನೂ ಒಟ್ಟು ಹಿಡಿದು, ಕುಂಕುಮ ಮತ್ತು ಅಂಟು ಕಲಸಿ ಸವರಿ ಸವರಿ ಒಂದು ಹುರಿ. ತುದಿಯಲ್ಲಿ ಸೂಜಿಗಳ ಗೊಂಚಲು ಜೋತುಬಿದ್ದಿರುತ್ತದೆ. ಆ ಕೆಂಪು ಹುರಿಗಳು ಗೋಡೆಯಿಂದ ಇಳಿದು, ನೆಲದಲ್ಲಿ ಸುರುಳಿ ಸುತ್ತಿ, ಮತ್ತೆ ಮೇಲೇರಿ, ಇನ್ನೊಂದು ಗೋಡೆಗೆ ಹೋಗುತ್ತವೆ. ಗಾಳಿಯಲ್ಲಿ ಎಳೆದ ಗೆರೆಯ ಹಾಗೆ. ಹತ್ತಿರ ಹೋದರೆ ಕರುಳಿನ ಹಾಗೆ ಅಥವಾ ಕರುಳಬಳ್ಳಿಯ ಹಾಗೆ. 2007ರಲ್ಲಿ ಜರ್ಮನಿಯ ಕಾಸೆಲ್ ಊರಿನ ಡಾಕ್ಯುಮೆಂಟಾದಲ್ಲಿ ಅದನ್ನು ತೋರಿಸಿದರು. ಐದು ವರ್ಷಕ್ಕೊಮ್ಮೆ ನಡೆಯುವ, ಕಲೆಯ ಲೋಕ ಪೂರ್ತಿ ಕಾಯುವ ಪ್ರದರ್ಶನ ಅದು.

ನನಗೆ ತಟ್ಟಿದ್ದು ಆ ಹೆಸರೂ ಅಲ್ಲ, ಕಾಸೆಲ್ಲೂ ಅಲ್ಲ. ದಾರ ಎಳೆಯುವ ಆ ಸಮಯ. ನಮ್ಮ ಅತ್ತೆ ಕೌದಿ ಹೊಲಿಯುವಾಗ ಕಣ್ಣು ಮಂಜಾಗಿದ್ದರಿಂದ ಸೂಜಿಗೆ ದಾರ ಪೋಣಿಸಿಕೊಡಲು ಸಂಜೆ ಶಾಲೆಯಿಂದ ನಾನು ಬರುವುದನ್ನೇ ಕಾಯುತ್ತಿದ್ದರು. ಹತ್ತು ಸೂಜಿಗೆ ಒಟ್ಟಿಗೆ ಪೋಣಿಸಿ ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಡುತ್ತಿದ್ದೆ, ಮಾರನೇ ದಿನ ನಾನು ಅರಕಲಗೂಡಿನ ಬಸ್ಸು ಹತ್ತಿದ ಮೇಲೆ ಅವರಿಗೆ ಬೇಕಲ್ಲ. ಕ್ಯಾಲೆಂಡರಿನಿಂದ ಜೋತುಬಿದ್ದ ಆ ಹತ್ತು ದಾರ ಫ್ಯಾನಿನ ಗಾಳಿಗೆ ಆಡುತ್ತಿದ್ದುದನ್ನು ಅದೆಷ್ಟೋ ವರ್ಷ ನೋಡಿದ್ದೇನೆ. ನೋಡಿದ್ದೆ ಅಷ್ಟೇ. ಅದನ್ನು ಒಂದು ಕೆಲಸವನ್ನಾಗಿ ಕಾಣಲು ಇನ್ನೊಬ್ಬರು ಬೇಕಾಯಿತು.

ಕೂದಲಿನದೂ ಹಾಗೆಯೇ. ಅದೇ 2009ರಲ್ಲಿ ವೆನಿಸ್ ಬಿನಾಲೆಯಲ್ಲಿ ಶೀಲಾ ಗೌಡರ ಒಂದು ಕೆಲಸ ಇತ್ತು. ಸುಮಾರು ನಾಲ್ಕು ಸಾವಿರ ಮೀಟರ್ ಉದ್ದದ ಕೂದಲ ಹಗ್ಗ, ಅದರಿಂದ ತೂಗಿದ ಕಾರಿನ ಬಂಪರುಗಳು. ಬೆಂಗಳೂರಿನ ಗಾಡಿಗಳಿಗೆ ದೃಷ್ಟಿ ತಾಕದಿರಲೆಂದು ಬಂಪರಿಗೆ ಕಟ್ಟುವ ಕಪ್ಪು ಹುರಿ ಇದೆಯಲ್ಲ, ಅದೇ. ದೇವಸ್ಥಾನಗಳಲ್ಲಿ ಹರಕೆ ಹೊತ್ತವರು ಕೊಟ್ಟ ಮುಡಿಯಿಂದ ಬಂದ ಕೂದಲು. ಉದ್ದನೆಯದು ವಿಗ್‌ಗೆ ಮಾರಾಟವಾಗಿ ಹೋಗುತ್ತದೆ, ತುಂಡು ಉಳಿದದ್ದು ಹಗ್ಗವಾಗುತ್ತದೆ. ತಮಾಷೆ ಎಂದರೆ ಕಾರಿಗೆ ಹಗ್ಗ ಕಾವಲು, ಆದರೆ ಇಲ್ಲಿ ಕಬ್ಬಿಣದ ಬಂಪರನ್ನು ಕೂದಲು ಎತ್ತಿ ಹಿಡಿದಿದೆ. ಎಳೆ ಹಿಡಿದೆಳೆದರೆ ಕಿತ್ತು ಬರುವ ಕೂದಲು! ಈಗ ಅದು ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಆಸ್ತಿ. ನಮ್ಮೂರ ಬೀದಿಯಲ್ಲಿ ‘ಕೂದ್ಲಿಗೆ ಪಿನ್ನೂ...’ ಅಂತ ಕೂಗಿಕೊಂಡು ಬರುತ್ತಿದ್ದ ಹೆಂಗಸಿಗೆ ಅವ್ವ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಕೂದಲುಂಡೆಗಳನ್ನೆಲ್ಲ ಕೊಟ್ಟು ಎರಡು ಪಿನ್ನು, ಒಂದು ಡಬ್ಬಣ ತೆಗೆದುಕೊಳ್ಳುತ್ತಿದ್ದಳು. ಚೌಕಾಸಿ ಮಾಡಿ ಮೂರನೇ ಪಿನ್ನೂ ಗೆಲ್ಲುತ್ತಿದ್ದಳು.

ಇವರನ್ನು ಚಿತ್ರಕಲಾವಿದೆ ಅನ್ನಬೇಕೋ ಶಿಲ್ಪಿ ಅನ್ನಬೇಕೋ ಎಂದು ಬರೆಯುವವರು ತಡಕಾಡುತ್ತಾರೆ. ಕೆಲವರು ಅಮೂರ್ತ ಕಲೆ ಅನ್ನುತ್ತಾರೆ. ಅಮೂರ್ತ ಅನ್ನುವ ಈ ಪದವೇ ನನಗೆ ಅಷ್ಟು ಸರಿ ಕಾಣುವುದಿಲ್ಲ. ಮೂರ್ತಿ ಇಲ್ಲದ್ದು, ರೂಪ ಇಲ್ಲದ್ದು ಅಂದರೆ ಏನೋ ಮೋಡದ ಆಚೆಯದು ಅನ್ನಿಸುತ್ತದೆ. ಸಗಣಿಗಿಂತ ಮೂರ್ತವಾದದ್ದು ಯಾವುದಿದೆ? ಆ ಇಟ್ಟಿಗೆ ಸಾಲು ಮನೆಯ ಚಿತ್ರವಲ್ಲ, ಹಸುವಿನ ಚಿತ್ರವಲ್ಲ, ಯಾವುದರ ಚಿತ್ರವೂ ಅಲ್ಲ ಅನ್ನುವುದು ಸರಿ. ಅದು ಅದೇ. ಈ ಅರ್ಥದಲ್ಲಿ ನಮ್ಮ ಜಿಲ್ಲೆಯ ಅತಿ ದೊಡ್ಡ ಅಮೂರ್ತ ಕೆಲಸ ನನ್ನ ಪ್ರಕಾರ ಶ್ರವಣಬೆಳಗೊಳದ ಬೆಟ್ಟದ ಮೇಲಿದೆ. ನಗಬೇಡಿ, ಹೇಳುತ್ತೇನೆ.

ಹಾಸನ ಜಿಲ್ಲೆಯವರಿಗೆ ಶಿಲ್ಪ ಎಂದ ಕೂಡಲೇ ಬೇಲೂರು ಹಳೇಬೀಡು. 1117ರಲ್ಲಿ ಬೇಲೂರಿನ ಗುಡಿ. ಬಳಪದ ಕಲ್ಲು, ತೆಗೆದಾಗ ಮೃದು, ಗಾಳಿಗೆ ಇಟ್ಟರೆ ಗಟ್ಟಿ. ಅದರಲ್ಲಿ ಬಳೆಯನ್ನೂ ಬೆರಳಿನ ಉಗುರನ್ನೂ ಕೆತ್ತಬಹುದು, ಕೆತ್ತಿದರು. ನಮ್ಮ ಚನ್ನರಾಯಪಟ್ಟಣದ ಪಕ್ಕದ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿ ಇದೆ. ಅದರ ಒಂದು ಬದಿ ಬೈಚೋಜನದು, ಇನ್ನೊಂದು ಬದಿ ಮಲ್ಲಿತಮ್ಮನದು. ಮೂರ್ತಿಗಳ ಕೆಳಗೆ ಅವರ ಹೆಸರುಗಳಿವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ಆ ಹೆಸರು ಹುಡುಕಲು ಹೇಳುತ್ತೇನೆ. ಒಂದೇ ಗುಡಿಯಲ್ಲಿ ಇಬ್ಬರ ಕೈ ಬೇರೆ ಬೇರೆ ಅನ್ನುವುದು ತಿಳಿದರೆ ಅವತ್ತಿನ ಪಾಠ ಮುಗಿದ ಹಾಗೆ. ಹೊಯ್ಸಳರ ಗೋಡೆಯ ಮೇಲೆ ಒಂದು ಅಂಗೈಯಗಲ ಜಾಗ ಖಾಲಿ ಹುಡುಕುವುದು ಕಷ್ಟ.

ಗೊಮ್ಮಟ ಇದಕ್ಕೆ ಪೂರ್ತಿ ಉಲ್ಟಾ. ಬೇಲೂರಿಗಿಂತ ನೂರು ವರ್ಷಕ್ಕೂ ಹಿಂದಿನವನು, ಹತ್ತನೇ ಶತಮಾನದ ಕೊನೆಯವನು. ಐವತ್ತೆಂಟು ಅಡಿ. ಕಲ್ಲು ಗ್ರಾನೈಟ್. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹೋಗಿ ನಿಂತರೆ ಜನ ಮುಖ ನೋಡುತ್ತಾರೆ, ಇಲ್ಲವೇ ಕಾಲಿಗೆ ಸುತ್ತಿದ ಬಳ್ಳಿ, ಹುತ್ತ ನೋಡುತ್ತಾರೆ. ಯಾಕೆಂದರೆ ನೋಡಲು ಅಲ್ಲಿ ಏನೋ ಇದೆ. ನನ್ನ ಕಣ್ಣು ಮಾತ್ರ ಚಿಕ್ಕಂದಿನಿಂದಲೂ ಹೊಟ್ಟೆಯಿಂದ ಎದೆಯವರೆಗಿನ ಆ ದೊಡ್ಡ ಬಯಲಿನಲ್ಲೇ ನಿಲ್ಲುತ್ತಿತ್ತು. ಒಂದು ಗೆರೆ ಇಲ್ಲ, ಒಡವೆ ಇಲ್ಲ, ಬಟ್ಟೆಯ ಮಡಿಕೆ ಇಲ್ಲ. ಬೆಳಗ್ಗೆ ಒಂದು ಬೆಳಕು, ಸಂಜೆ ಇನ್ನೊಂದು. ಅಷ್ಟು ಅಗಲ ಕಲ್ಲನ್ನು ಮಟ್ಟಮಾಡಿ, ಏನನ್ನೂ ಕೆತ್ತದೆ ಬಿಟ್ಟು, ಉಳಿ ಕೆಳಗಿಟ್ಟವನ ಧೈರ್ಯವನ್ನು ಯೋಚಿಸಿ. ಒಮ್ಮೆ ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಗೊಮ್ಮಟನ ತೊಡೆಯ ಒಂದು ಮೊಳ ಜಾಗವನ್ನಷ್ಟೇ ಬರೆಯಿರಿ ಎಂದೆ. ಐದು ನಿಮಿಷ ಕೂತು, ‘ಬರಿಯೋಕೆ ಏನೂ ಇಲ್ವಲ್ಲ ಮಿಸ್’ ಅಂದವು. ನನಗೆ ಬೇಕಾಗಿದ್ದದ್ದೂ ಅದೇ. ಆದರೆ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇಲ್ಲವಲ್ಲ. ಮಾರನೇ ದಿನದಿಂದ ಮತ್ತೆ ಹೂಜಿ, ಲೋಟ, ನಿಂಬೆಹಣ್ಣು.

ಈಗ ಹೇಳದೇ ಮುಂದೂಡುತ್ತಿರುವ ವಿಷಯಕ್ಕೆ ಬರುತ್ತೇನೆ.

2004 ಇರಬೇಕು. ಅರಕಲಗೂಡಿನಲ್ಲಿ ನಾನು ಡ್ರಾಯಿಂಗ್ ಮಿಸ್. ಆ ಸೀಮೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ರಾಮನಾಥಪುರದಲ್ಲಿ ತಂಬಾಕು ಹರಾಜು ಕಟ್ಟೆಯೇ ಇದೆ. ಸೊಪ್ಪು ಮುರಿಯುವ ಕಾಲ ಬಂತೆಂದರೆ ಹಳ್ಳಿ ಮಕ್ಕಳು ತರಗತಿಯಲ್ಲಿ ತೂಕಡಿಸುತ್ತವೆ. ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ನಿನ ಒಳಗೆ ಅಟ್ಟಣೆ ಅಟ್ಟಣೆಯಾಗಿ ತೂಗುಹಾಕಿ, ಕೆಳಗಿನ ಒಲೆಗೆ ಸೌದೆ ಹಾಕುತ್ತಾ ಐದಾರು ದಿನ ಬೇಯಿಸಬೇಕು. ಬಿಸಿ ಏರಿದರೂ ಕಷ್ಟ, ಇಳಿದರೂ ಕಷ್ಟ. ರಾತ್ರಿಯಿಡೀ ಒಬ್ಬರು ಒಲೆ ಕಾಯಬೇಕು. ಎಂಟನೇ ಕ್ಲಾಸಿನ ಒಬ್ಬ ಹುಡುಗ ಹಾಗೆ ಕಾದು ಬಂದು ನನ್ನ ಪೀರಿಯಡ್ಡಿನಲ್ಲಿ ಮಲಗುತ್ತಿದ್ದ. ನಾನು ಎಬ್ಬಿಸುತ್ತಿರಲಿಲ್ಲ. ಅಷ್ಟು ಒಳ್ಳೆಯವಳಾಗಿದ್ದೆ.

ಲೋಯರ್ ಪರೀಕ್ಷೆಯ ತಯಾರಿಗೆ ನೆನಪಿನ ಚಿತ್ರ ಕೊಟ್ಟಿದ್ದೆ. ವಿಷಯ, ‘ನಿಮ್ಮೂರಿನ ಸುಗ್ಗಿ’. ಎಲ್ಲರೂ ಬೆಟ್ಟ, ಬೆಟ್ಟದ ಸಂದಿಯಲ್ಲಿ ಸೂರ್ಯ, ತೆಂಗಿನಮರ, ಗುಡಿಸಲು, ಕುಡುಗೋಲು ಹಿಡಿದ ಹೆಂಗಸು ತಂದರು. ಇವನ ಹಾಳೆ ಪೂರ್ತಿ ಕಂದು ಕಪ್ಪು. ವಾಟರ್ ಕಲರ್ ಬಿಲ್ಲೆಯಲ್ಲಿದ್ದ ಕಂದು ಕರಗಿಸಿ ಕರಗಿಸಿ ಬಳಿದು, ಅದು ಒಣಗುವ ಮೊದಲೇ ಕಪ್ಪು ಬಿಟ್ಟು, ಮೇಲಿಂದ ಕೆಳಗೆ ಉಗುರಿನಲ್ಲಿ ಕೆರೆದ ಗೀರುಗಳು. ಸಾಲು ಸಾಲು. ಬಲಗಡೆ ಕೆಳಮೂಲೆಯಲ್ಲಿ ಹುಣಿಸೆಬೀಜದಷ್ಟು ಕಿತ್ತಳೆ ಬಣ್ಣ. ಹಾಳೆ ನೆನೆದು ಒಂದು ಕಡೆ ಹರಿದಿತ್ತು. ‘ಇದೇನೋ, ಹಾಳೆ ದಂಡ ಮಾಡಿದ್ದೀಯ’ ಅಂದೆ. ‘ಬ್ಯಾರನ್ನು ಮಿಸ್, ಒಳಗ್ಲಿಂದ’ ಅಂದ. ‘ಒಳಗಿನಿಂದ ಏನು ಕಾಣುತ್ತೋ? ಹೊರಗಿನಿಂದ ಬರಿ. ಹೆಂಚು, ಚಿಮಣಿ, ಪಕ್ಕದಲ್ಲಿ ನಿಮ್ಮಪ್ಪ, ಎತ್ತಿನಗಾಡಿ’ ಅಂದೆ. ಸುತ್ತ ಇದ್ದವರು ನಕ್ಕರು. ಅವನೂ ನಕ್ಕ. ವಾರದ ಮೇಲೆ ಬೆಟ್ಟ, ಸೂರ್ಯ, ತೆಂಗಿನಮರ ಬರೆದು ತಂದ. ನಾನು ಕೆಂಪು ಶಾಯಿಯಲ್ಲಿ ಗುಡ್ ಹಾಕಿದೆ.

ಮೊದಲನೆಯ ಹಾಳೆ ಏನಾಯಿತೋ. ನನ್ನ ಮೇಜಿನ ಮೇಲೇ ಬಿಟ್ಟು ಹೋಗಿದ್ದ ಅನ್ನಿಸುತ್ತದೆ. ಬಣ್ಣದ ನೀರಿನ ಲೋಟದ ಕೆಳಗೆ ಹಾಕಿಕೊಂಡಿರಬಹುದು ನಾನು. ‘ಬಣ್ಣ ಟೆಸ್ಟ್ ಮಾಡಿರಂಗದೆ’ ಅಂದ ಆ ಕೆಲಸದ ಹುಡುಗನಿಗಾದರೂ ಬೇರೆ ಕಸುಬು. ನಾನು ಐದು ವರ್ಷ ಇದನ್ನೇ ಓದಿದವಳು.

ಬೆಂಗಳೂರಿನ ಗೆಳತಿಯ ಮನೆಯಲ್ಲಿ ಆ ಕ್ಯಾಟಲಾಗಿನ ಪುಟ ತಿರುಗಿಸುತ್ತಿದ್ದಾಗ ಡಾಂಬರು ಡ್ರಮ್ಮುಗಳ ಒಂದು ಕೆಲಸ ಬಂತು. 2006ರದ್ದು, ‘ಡಾರ್ಕ್‌ರೂಮ್’ ಅಂತ ಹೆಸರು. ರಸ್ತೆ ಕೆಲಸದವರು ಖಾಲಿ ಡ್ರಮ್ಮುಗಳನ್ನು ಬಡಿದು ತಗಡು ಮಾಡಿ ರಸ್ತೆ ಬದಿಯಲ್ಲೇ ಗೂಡು ಕಟ್ಟಿಕೊಳ್ಳುತ್ತಾರಲ್ಲ, ಹಾಸನದ ರಸ್ತೆಗೆ ಡಾಂಬರು ಹಾಕುವಾಗ ಬಸ್ಸಿನ ಕಿಟಕಿಯಿಂದ ತಿಂಗಳುಗಟ್ಟಲೆ ನೋಡಿದ್ದೇನೆ. ಮಸಿ ಮೆತ್ತಿದ ಬಾಗಿಲಲ್ಲಿ ಒಂದು ಮಗು, ಒಂದು ನಾಯಿ. ಅಂಥ ಡ್ರಮ್ಮು ಮತ್ತು ತಗಡುಗಳದೇ ಕೋಣೆ. ಹೊರಗೆ ಡ್ರಮ್ಮಿನ ಮೇಲೆ ಡ್ರಮ್ಮು ಪೇರಿಸಿ ಅರಮನೆ ಕಂಬದ ಠೀವಿ. ಒಳಗೆ ಹೋಗಬೇಕಾದರೆ ಬಗ್ಗಿ ತೆವಳಬೇಕು. ಒಳಗೆ ಕತ್ತಲೆ. ತಲೆ ಎತ್ತಿದರೆ ಚಾವಣಿಯ ತಗಡಿಗೆ ಕೊರೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು, ನಕ್ಷತ್ರದ ಹಾಗೆ.

ಒಳಗ್ಲಿಂದ, ಅಂದಿದ್ದ ಹುಡುಗ.

ಗೆಳತಿ ಕಾಫಿ ತಂದಿಟ್ಟು, ‘ಯಾಕೇ, ಏನಾಯ್ತು?’ ಅಂದಳು. ಏನಿಲ್ಲ ಅಂದೆ. ಇನ್ನೆರಡು ವರ್ಷಕ್ಕೆ ಇದೇ ಡ್ರಮ್ಮುಗಳಿಂದ ಶೀಲಾ ಗೌಡ ಮಾಡಿದ ಇನ್ನೊಂದು ಕೆಲಸಕ್ಕೆ ಕನ್ನಡದ್ದೇ ಹೆಸರು, ‘ಕಾಗೆಬಂಗಾರ’. ವಿದೇಶದ ಮ್ಯೂಸಿಯಮ್ಮುಗಳ ಚೀಟಿಯ ಮೇಲೆ ಈ ಪದ ಇಂಗ್ಲಿಷ್ ಅಕ್ಷರದಲ್ಲಿ ಕೂತಿರುತ್ತದೆ. ನೋಡುವವರು ಅದನ್ನು ಹೇಗೆ ಓದಿಕೊಳ್ಳುತ್ತಾರೋ. ಹೊಳೆನರಸೀಪುರದ ಸುತ್ತಿನ ಗುಡ್ಡಗಳ ಕಲ್ಲು ಮುನ್ನೂರು ಕೋಟಿ ವರ್ಷಕ್ಕೂ ಹಳೆಯದು, ಭೂವಿಜ್ಞಾನದವರು ಸುತ್ತಿಗೆ ಹಿಡಿದು ಬರುತ್ತಲೇ ಇರುತ್ತಾರೆ. ಆದರೆ ನನ್ನ ಮಗ ಚಿಕ್ಕವನಿದ್ದಾಗ ಚಡ್ಡಿ ಜೇಬು ತುಂಬಾ ತರುತ್ತಿದ್ದದ್ದು ಕಾಗೆಬಂಗಾರದ ಚೂರು. ಉಗುರಿನಲ್ಲಿ ಪದರ ಪದರ ಬಿಡಿಸಿ ಸೂರ್ಯನಿಗೆ ಹಿಡಿಯುತ್ತಿದ್ದ. ಬಟ್ಟೆ ಒಗೆದರೆ ಬಕೆಟ್ಟಿನ ನೀರೆಲ್ಲ ಮಿಣಮಿಣ.

ಆಮೇಲೂ ಅವರ ಸುದ್ದಿ ಸಿಕ್ಕಾಗಲೆಲ್ಲ ಓದಿಕೊಂಡು ಬಂದಿದ್ದೇನೆ. 2019ರಲ್ಲಿ ಮಿಲಾನಿನಲ್ಲಿ ದೊಡ್ಡ ಪ್ರದರ್ಶನ, ಅದೇ ವರ್ಷ ಮಾರಿಯಾ ಲಾಸ್ನಿಗ್ ಪ್ರಶಸ್ತಿ, ಮರುವರ್ಷ ಮ್ಯೂನಿಕ್. ಅವರ ಒಂದೇ ಒಂದು ಕೆಲಸವನ್ನೂ ನಾನು ಕಣ್ಣಾರೆ ನೋಡಿಲ್ಲ. ನಮ್ಮ ಕೊಟ್ಟಿಗೆಯ, ನಮ್ಮ ರಸ್ತೆಯ, ನಮ್ಮ ತಲೆಯ ಸಾಮಾನು ಎಲ್ಲೆಲ್ಲೋ ಹೋಗಿ ಕೂತು, ಹೊಳೆನರಸೀಪುರದ ನನಗೆ ಮೊಬೈಲಿನಲ್ಲಿ ಎರಡು ಬೆರಳಗಲ ಕಾಣುತ್ತದೆ. ದೂರು ಅಂತಲ್ಲ. ಹಾಸನದಲ್ಲೇ ಇದ್ದುಕೊಂಡು ಚಿತ್ರ ಬರೆದ ಕೆ.ಟಿ. ಶಿವಪ್ರಸಾದ್ ಅಂಥವರ ಕೆಲಸವನ್ನಾದರೂ ಜಿಲ್ಲೆಯ ಎಷ್ಟು ಮಕ್ಕಳಿಗೆ ನಾವು ತೋರಿಸಿದ್ದೇವೆ?

ಅವ್ವ ಹೋಗಿ ನಾಲ್ಕು ವರ್ಷವಾಯಿತು. ಈಗ ಊರಿನಲ್ಲಿ ಕಣ ಮಾಡುವವರಿಲ್ಲ. ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ, ಬಸ್ಸು ಲಾರಿ ಬಡಿದುಕೊಡುತ್ತವೆ. ಇಲ್ಲದಿದ್ದರೆ ಮೆಷಿನ್ನು. ಕೊನೆಯ ದಿನಗಳಲ್ಲಿ ಅವಳಿಗೆ ಮೊಬೈಲಿನಲ್ಲಿ ಆ ಸಗಣಿ ಇಟ್ಟಿಗೆಯ ಸಾಲು ತೋರಿಸಿದ್ದೆ. ಕಣ್ಣು ಕಿರಿದು ಮಾಡಿ ನೋಡಿ, ‘ಸಂದೀಗೆ ಕುಂಕುಮ ಯಾಕ್ ತುಂಬವ್ಳೆ? ಸಗಣಿ ಬಿರುಕು ಬಿಡ್ತದೆ ಅಂತ್ಲಾ?’ ಅಂದಳು. ನಾನು ಕೇಳಿಕೊಳ್ಳದ ಪ್ರಶ್ನೆ. ಸ್ವಲ್ಪ ಹೊತ್ತು ಬಿಟ್ಟು, ‘ಹುಲ್ಲು ಕಮ್ಮಿ ಹಾಕವ್ಳೆ. ಚೆನ್ನಾಗ್ ತಟ್ಟವ್ಳೆ’ ಅಂದಳು.

ಅಟ್ಟದ ಕೆಲಸ ಮುಗಿದ ತಿಂಗಳಿಗೆ ಸಹೋದ್ಯೋಗಿಯೊಬ್ಬರ ನಿವೃತ್ತಿ ಸಮಾರಂಭಕ್ಕೆ ಬ್ಯಾನರ್ ಮಾಡಿಸಲು ಇಲ್ಲೇ ಪೇಟೆಯ ಒಂದು ಫ್ಲೆಕ್ಸ್ ಅಂಗಡಿಗೆ ಹೋದೆ. ಕಂಪ್ಯೂಟರಿನ ಹಿಂದಿನಿಂದ ಒಬ್ಬ ಎದ್ದು ನಿಂತು, ‘ಮಿಸ್, ನೀವಾ!’ ಅಂದ. ಮೂವತ್ತು ದಾಟಿದ್ದಾನೆ, ತಲೆಯಲ್ಲಿ ಅಲ್ಲಲ್ಲಿ ಬಿಳಿ. ಬ್ಯಾರನ್ನಿನ ಹುಡುಗ. ತಂಬಾಕು ಬಿಟ್ಟು ಬಹಳ ವರ್ಷವಾಯಿತಂತೆ, ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ತಮ್ಮನಿಗೆ. ಇವನು ಇಲ್ಲಿ ಮನೆ ಮಾಡಿಕೊಂಡು ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಜಾತ್ರೆ, ಎಲೆಕ್ಷನ್ನು ಎಲ್ಲ ಪ್ರಿಂಟ್ ಹಾಕುತ್ತಾನೆ. ಟೀ ತರಿಸಿದ. ನಾನು ಮಾತಿಗೆ ಮಾತು ಸೇರಿಸುತ್ತಾ, ‘ಎಂಟನೇ ಕ್ಲಾಸಲ್ಲಿ ಒಂದು ಚಿತ್ರ ಬರೆದಿದ್ದೆಯಲ್ಲ, ಜ್ಞಾಪಕ ಇದೆಯಾ?’ ಅಂದೆ.

‘ಅಯ್ಯೋ, ಇಲ್ದೆ ಏನ್ ಮಿಸ್! ತೆಂಗಿನಮರ. ನೀವು ಗುಡ್ ಕೊಟ್ಟಿದ್ರಿ. ನಮ್ಮಪ್ಪ ಅದನ್ನ ಗೋಡೆಗೆ ಅಂಟಿಸಿದ್ರು, ಮನೆ ಕೆಡವೋವರ್ಗೂ ಇತ್ತು.’

‘ಅದಲ್ಲ. ಅದಕ್ಕೂ ಮೊದಲು ಒಂದು. ಕಪ್ಪು ಬಣ್ಣದ್ದು.’

ಅವನು ಯೋಚಿಸಿದ. ‘ಇಲ್ಲ ಮಿಸ್’ ಅಂದ.

ಮೊಬೈಲ್ ತೆಗೆದು ಡ್ರಮ್ಮಿನ ಕೋಣೆಯ ಫೋಟೋ ತೋರಿಸಿದೆ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ. ‘ಟಾರ್ ಡ್ರಮ್ಮಲ್ವಾ? ಒಳಗೆ ಹೋಗಬೌದಾ?’

‘ಬಗ್ಗಿ ಹೋಗಬೇಕು.’

‘ಒಳಗೆ ಏನದೆ?’

‘ಕತ್ತಲೆ. ಮೇಲಿನ ತಗಡಲ್ಲಿ ತೂತು ಕೊರೆದಿದ್ದಾರೆ, ಬೆಳಕು ಬೀಳುತ್ತೆ.’

ಅವನು ಫೋಟೋವನ್ನು ಇನ್ನೊಂದು ಸಲ ಹಿಗ್ಗಿಸಿದ. ‘ನಮ್ ಬ್ಯಾರನ್ ಹೆಂಚು ಒಂದ್ಕಡೆ ಒಡ್ದಿತ್ತು ಮಿಸ್. ಸೊಪ್ಪು ತುಂಬೋಕ್ ಮುಂಚೆ ಒಳಗೆ ಮಲಗಿದ್ರೆ ಹಿಂಗೇ ಕಾಣೋದು’ ಅಂದ. ಮತ್ತೇನೋ ಹೇಳುವವನಿದ್ದ. ಅಷ್ಟರಲ್ಲಿ ಗೃಹಪ್ರವೇಶದ ಬ್ಯಾನರಿಗೆ ಗಂಡ ಹೆಂಡತಿ ಬಂದರು. ಅರ್ಜೆಂಟು, ಸಂಜೆಯೊಳಗೆ ಬೇಕು, ಎರಡೂ ಕಡೆಯ ಹಿರಿಯರ ಫೋಟೋ ಬರಬೇಕು. ಅವನು ಫೋನು ನನ್ನ ಕೈಗೆ ಕೊಟ್ಟು ಕಂಪ್ಯೂಟರಿಗೆ ತಿರುಗಿದ. ನಾನು ಬ್ಯಾನರಿನ ಅಳತೆ ಬರೆದುಕೊಟ್ಟು ಬಂದೆ, ನಾಲ್ಕು ಅಡಿಗೆ ಎಂಟು. ಅಡ್ವಾನ್ಸ್ ಬೇಡ ಅಂದ.